ಅತಿವಿಶಾಲಕೋನ ಮಸೂರ: ಕಾರವಾರ–ಅಂಕೋಲಾ ಕರಾವಳಿಯ ದೃಷ್ಟಾಂತಗಳೊಡನೆ

ಅತಿವಿಶಾಲಕೋನ ಮಸೂರ: ಮನುಷ್ಯನ ಕಣ್ಣು ಒಮ್ಮೆಗೆ ನಿಚ್ಚಳವಾಗಿ ಗ್ರಹಿಸಬಲ್ಲುದಕ್ಕಿಂತ ಬಹುಪಾಲು ವಿಸ್ತಾರವಾದ ದೃಶ್ಯವನ್ನು ಒಂದೇ ಚೌಕಟ್ಟಿನೊಳಗೆ ತಂದಿಡುವ ಕ್ಯಾಮೆರಾ ಮಸೂರ. 36×24 ಮಿ.ಮೀ. ಅಳತೆಯ ಫಿಲ್ಮಿಗೆ, ಅಥವಾ ಅಷ್ಟೇ ಅಳತೆಯ ಸೆನ್ಸರಿಗೆ, 24 ಮಿ.ಮೀ.ಗಿಂತ ಕಡಿಮೆ ಸಂಗಮದೂರವುಳ್ಳ ಮಸೂರಗಳನ್ನು ಈ ವರ್ಗಕ್ಕೆ ಸೇರಿಸುವುದು ವಾಡಿಕೆ. ಅಂಗಡಿಯವರು ಇದನ್ನು ‘ಅಲ್ಟ್ರಾವೈಡ್’ ಎನ್ನುತ್ತಾರೆ. ಮದುವೆಯ ಚಪ್ಪರದಡಿಯಲ್ಲಿ ಓಡಾಡುವ ಛಾಯಾಗ್ರಾಹಕನಿಗೆ ಇದು ಬರಿಯ ‘ವೈಡ್’. ಈ ಮಸೂರವು ದೃಶ್ಯವನ್ನು ವಿರೂಪಗೊಳಿಸುವುದೆಂಬ ಆಪಾದನೆ ಬಹುಕಾಲದ್ದು. ಆದರೆ ವಿರೂಪವೆಂದು ಒಂದೇ ಹೆಸರಿನಿಂದ ಕರೆಯಲ್ಪಡುವ ಸಂಗತಿಗಳು ವಸ್ತುತಃ ಮೂರಾಗಿದ್ದು, ಒಂದು ಛಾಯಾಗ್ರಾಹಕನು ನಿಂತ ತಾಣದಿಂದಲೂ, ಇನ್ನೊಂದು ದುಂಡಾದ ಲೋಕವನ್ನು ಚಪ್ಪಟೆಯ ಫಲಕದ ಮೇಲೆ ಇಳಿಸುವ ರೇಖಾಗಣಿತದಿಂದಲೂ, ಮತ್ತೊಂದು ಮಾತ್ರ ಗಾಜಿನ ಕೊರತೆಯಿಂದಲೂ ಹುಟ್ಟುವುದರಿಂದ, ಅವುಗಳನ್ನು ಬೇರೆಬೇರೆಯಾಗಿ ಗುರುತಿಸದವನು ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚುತ್ತ ಕೂರುತ್ತಾನೆ.

ಈ ಮೂರನ್ನೂ ಕಣ್ಣಾರೆ ಕಂಡು ಅಭ್ಯಾಸಮಾಡಲು ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಸಹ್ಯಾದ್ರಿಯ ಸಾಲು ಇಲ್ಲಿ ಕಡಲಿನ ಅಂಚಿನವರೆಗೂ ಇಳಿದು ಬಂದಿದೆ. ಎದುರಿಗೆ ಅರಬ್ಬಿ ಸಮುದ್ರದ ದಿಗಂತವು ಅಳತೆಪಟ್ಟಿಯಂತೆ ನೇರವಾಗಿ ಬಿದ್ದುಕೊಂಡಿದೆ. ಚಿರೆಕಲ್ಲಿನ ಗೋಡೆಗಳು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು, ಫಾಲ್ಗುಣದ ಸುಗ್ಗಿ ಕುಣಿತ, ಇವೆಲ್ಲವೂ ಹತ್ತಿಪ್ಪತ್ತು ಮೈಲಿಗಳೊಳಗೆ ಸಿಕ್ಕುತ್ತವೆ. ಆದುದರಿಂದ ಈ ಲೇಖನದ ದೃಷ್ಟಾಂತಗಳನ್ನು ಅಲ್ಲಿಂದಲೇ ಆಯ್ದುಕೊಂಡಿದೆ.

ಕೋನದ ಲೆಕ್ಕ

ಮಸೂರವೊಂದು ಒಳಗೊಳ್ಳುವ ದೃಶ್ಯಕೋನವು ಅದರ ಸಂಗಮದೂರವನ್ನೂ ಫಲಕದ ಅಳತೆಯನ್ನೂ ಅವಲಂಬಿಸಿದೆ. 36×24 ಮಿ.ಮೀ. ಫಲಕದ ಕರ್ಣವು ಸುಮಾರು 43.3 ಮಿ.ಮೀ. ಆಗಿರುವುದರಿಂದ, ಮೂಲೆಯಿಂದ ಮೂಲೆಗೆ ಅಳೆದರೆ 50 ಮಿ.ಮೀ. ಮಸೂರವು 47 ಅಂಶಗಳನ್ನೂ, 24 ಮಿ.ಮೀ. 84 ಅಂಶಗಳನ್ನೂ, 20 ಮಿ.ಮೀ. 94 ಅಂಶಗಳನ್ನೂ, 14 ಮಿ.ಮೀ. 114 ಅಂಶಗಳನ್ನೂ, 10 ಮಿ.ಮೀ. 130 ಅಂಶಗಳನ್ನೂ ಒಳಗೊಳ್ಳುತ್ತದೆ. ಇಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯುಂಟು: 50ರಿಂದ 49ಕ್ಕೆ ಇಳಿದಾಗ ಕೋನವು ಒಂದು ಅಂಶದಷ್ಟೂ ಹೆಚ್ಚುವುದಿಲ್ಲ, 14ರಿಂದ 13ಕ್ಕೆ ಇಳಿದರೆ ನಾಲ್ಕು ಅಂಶಗಳು ಬಂದು ಸೇರುತ್ತವೆ. ಎಪಿಎಸ್-ಸಿ ಎಂಬ ಸಣ್ಣ ಫಲಕದ ಕ್ಯಾಮೆರಾಗಳಲ್ಲಿ ಇದೇ ವಿಸ್ತಾರಕ್ಕೆ ಇನ್ನೂ ಚಿಕ್ಕ ಸಂಗಮದೂರ ಬೇಕಾಗಿ, ಅಲ್ಲಿನ 10 ಮಿ.ಮೀ. ದೊಡ್ಡ ಫಲಕದ 15 ಮಿ.ಮೀ.ಗೆ ಸಮನಾಗುತ್ತದೆ. ಚೌಕಟ್ಟಿನ ಅಗಲವನ್ನೂ ಕೋನದ ಅಗಲವನ್ನೂ ಒಂದೆಂದು ತಿಳಿಯುವವರುಂಟು. ಮೈಸೂರಿನವರಾದ ವಿ. ಕೆ. ಮೂರ್ತಿಯವರು 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ಚಿತ್ರಿಸಿ ಭಾರತಕ್ಕೆ ಅದನ್ನು ಮೊದಲು ತಂದರು. ಆದರೆ ಸಿನಿಮಾಸ್ಕೋಪ್ ಎಂಬುದು ಬಿಂಬವನ್ನು ಅಡ್ಡಲಾಗಿ ಹಿಂಡಿ ಮತ್ತೆ ಬಿಡಿಸುವ ಉಪಾಯವೇ ಹೊರತು ಅತಿವಿಶಾಲಕೋನವಲ್ಲ.

ಬೆಳೆದು ಬಂದ ಬಗೆ

ಬರ್ಲಿನ್ನಿನ ಗೋರ್ಟ್ಸ್ ಸಂಸ್ಥೆಗಾಗಿ ಎಮಿಲ್ ಫಾನ್ ಹೋಗ್ 1900ರಲ್ಲಿ ರಚಿಸಿದ ‘ಹೈಪರ್‌ಗಾನ್’ ಈ ಕುಲದ ಮೂಲಪುರುಷನೆನ್ನಬಹುದು. ಹೆಚ್ಚುಕಡಿಮೆ ಅರ್ಧಗೋಳಾಕಾರದ ಎರಡೇ ಗಾಜುಗಳು ಬೆನ್ನು ಹೊರಗಾಗಿ ಎದುರುಬದುರು ಕುಳಿತು ಸುಮಾರು 140 ಅಂಶಗಳನ್ನು ಒಳಗೊಳ್ಳುತ್ತಿದ್ದವು. ಆದರೆ ನಡುವಿಗೆ ಬಿದ್ದ ಬೆಳಕಿನ ಎಪ್ಪತ್ತರಲ್ಲೊಂದು ಪಾಲು ಮಾತ್ರ ಅಂಚಿಗೆ ತಲುಪುತ್ತಿದ್ದುದರಿಂದ, ಮಸೂರದ ಮುಂದೆ ನಕ್ಷತ್ರಾಕಾರದ ಪುಟ್ಟ ಪಂಕವೊಂದನ್ನು ನಿಲ್ಲಿಸಿ, ರಬ್ಬರಿನ ಉಂಡೆಯನ್ನು ಅಮುಕಿ ಗಾಳಿಯೂದಿ ಅದನ್ನು ತಿರುಗಿಸುತ್ತ, ನಡುವಿನ ಬೆಳಕನ್ನು ಸ್ವಲ್ಪಹೊತ್ತು ತಡೆದು, ಬಳಿಕ ಪಂಕವನ್ನು ಸರಿಸುವ ವಿಧಾನವಿತ್ತು. ಇಂದು ನಗೆ ಬರಿಸುವ ಈ ಸಾಧನವು ತನ್ನ ಕಾಲಕ್ಕೆ ಅತ್ಯಂತ ಬುದ್ಧಿವಂತಿಕೆಯದಾಗಿತ್ತೆಂಬುದನ್ನು ಮರೆಯಲಾಗದು.

ಅನಂತರದ ಬೆಳವಣಿಗೆಗೆ ವಿಮಾನದಿಂದ ನೆಲವನ್ನು ಅಳೆಯುವ ಭೂಪಟಕಾರರ ಅವಶ್ಯಕತೆಯೇ ಮುಖ್ಯ ಕಾರಣ. ಜರ್ಮನಿಯ ರಾಬರ್ಟ್ ರಿಖ್ಟರ್ 1933ರಲ್ಲಿ ಸೈಸ್ ಸಂಸ್ಥೆಗಾಗಿ ‘ಟೋಪೊಗಾನ್’ ಮಸೂರವನ್ನು ರೂಪಿಸಿದನು. ಸೋವಿಯತ್ ದೇಶದ ಮಿಖಾಯಿಲ್ ರುಸಿನೋವ್, ಹೊರಗಿನ ಗಾಜುಗಳನ್ನು ಬಲವಾಗಿ ಬಾಗಿಸಿದರೆ ಓರೆಯಿಂದ ನೋಡಿದಾಗ ದ್ಯುತಿರಂಧ್ರವು ಕುಗ್ಗುವ ಬದಲು ಹಿಗ್ಗಿದಂತಾಗಿ ಅಂಚಿಗೂ ಬೆಳಕು ದಕ್ಕುವುದೆಂಬುದನ್ನು ತೋರಿಸಿಕೊಟ್ಟನು. ಲುಡ್ವಿಗ್ ಬೆರ್ಟೆಲೆಯ ‘ಬಯೋಗಾನ್’ 1954ರಲ್ಲಿ 21 ಮಿ.ಮೀ. ರೂಪದಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೂ, 38 ಮಿ.ಮೀ. ರೂಪದಲ್ಲಿ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಕ್ಕೂ ಬಂದಿತು.

ಈ ಮಸೂರಗಳೆಲ್ಲ ಫಿಲ್ಮಿಗೆ ತಾಗುವಷ್ಟು ಹತ್ತಿರ ಕುಳಿತುಕೊಳ್ಳುತ್ತಿದ್ದವು. ಒಳಗೆ ಕನ್ನಡಿ ಮೇಲೆದ್ದು ಬೀಳುವ ಎಸ್‌ಎಲ್‌ಆರ್ ಕ್ಯಾಮೆರಾಗಳು ಬಂದಾಗ ಅದು ಅಸಾಧ್ಯವಾಯಿತು. ನಿಕಾನ್ ಕ್ಯಾಮೆರಾದಲ್ಲಿ ಮಸೂರದ ಪೀಠಕ್ಕೂ ಫಿಲ್ಮಿಗೂ ನಡುವೆ 46.5 ಮಿ.ಮೀ. ಅಂತರವಿರುವಾಗ 14 ಮಿ.ಮೀ. ಸಂಗಮದೂರದ ಮಸೂರವು ಎಲ್ಲಿ ನಿಲ್ಲಬೇಕು? ಫ್ರಾನ್ಸಿನ ಪಿಯರ್ ಆಂಜೆನಿಯೂ 1950ರಲ್ಲಿ ಹೊರತಂದ ‘ರೆಟ್ರೊಫೋಕಸ್’ ಇದಕ್ಕೆ ಉತ್ತರವಾಯಿತು: ಮುಂದುಗಡೆ ಬೆಳಕನ್ನು ಚದರಿಸುವ ದೊಡ್ಡ ನಿಮ್ನ ಗಾಜು, ಹಿಂದುಗಡೆ ಅದನ್ನು ಕೂಡಿಸುವ ಪೀನ ಗಾಜುಗಳ ಗುಂಪು. ದೂರದರ್ಶಕವನ್ನು ತಿರುಗುಮುರುಗು ಹಿಡಿದಂತಿರುವ ಈ ರಚನೆಯಿಂದಲೇ ಇಂದಿನ ಅತಿವಿಶಾಲಕೋನ ಮಸೂರಗಳಿಗೆ ಆ ಉಬ್ಬಿದ ಗುಡ್ಡೆಗಣ್ಣಿನ ಮೋರೆ ಬಂದಿರುವುದು. ಸಮಸೂತ್ರದಲ್ಲಿರಬೇಕಾದ ಎರಡು ಪಕ್ಕಗಳು ಅಸಮವಾದುದರಿಂದ ನೇರಗೆರೆಗಳನ್ನು ಹೊರಕ್ಕೆ ಉಬ್ಬಿಸುವ ಪೀಪಾಯಿ ವಿರೂಪವೂ ಇದರ ಹಿಂದೆಯೇ ಬಂದಿತು. ನಿಕಾನ್ ಸಂಸ್ಥೆಯ 118 ಅಂಶಗಳ 13 ಮಿ.ಮೀ. ‘ನಿಕ್ಕೋರ್’ 1976ರಲ್ಲೂ, 14–24 ಮಿ.ಮೀ. ಜೂಮ್ 2007ರಲ್ಲೂ, ಕ್ಯಾನನ್ನಿನ 11–24 ಮಿ.ಮೀ. 2015ರಲ್ಲೂ ಬಂದವು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಆ ಅಂತರವು 16ರಿಂದ 20 ಮಿ.ಮೀ.ಗೆ ಇಳಿದಿರುವುದರಿಂದ ಮಸೂರಗಳೂ ಮೈಯಿಳಿಸಿಕೊಂಡಿವೆ. ಜೇಬಿನ ಫೋನುಗಳಿಗೆ ಈ ನೋಟವನ್ನು 2016ರಲ್ಲಿ ಎಲ್‌ಜಿಯೂ 2019ರಲ್ಲಿ ಐಫೋನ್ 11 ಸಹ ತಂದುಕೊಟ್ಟ ಮೇಲೆ, ಕಾರವಾರದ ಕಡಲತೀರಕ್ಕೆ ಸಂಜೆ ಬರುವ ಹುಡುಗರ ಕೈಯಲ್ಲೂ 120 ಅಂಶಗಳ ಕಣ್ಣೊಂದು ಇದೆ.

ಮತ್ಸ್ಯನೇತ್ರ ಮಸೂರವು ಈ ಕುಲಕ್ಕೆ ದಾಯಾದಿ. 180 ಅಂಶಗಳನ್ನು ಹಿಡಿಯುತ್ತದೆ, ನೇರಗೆರೆಗಳನ್ನು ಬಾಗಿಸಿಯೇ ಹಿಡಿಯುತ್ತದೆ. ನೀರೊಳಗಿನಿಂದ ಮೇಲೆ ನೋಡುವ ಮೀನಿಗೆ ವಕ್ರೀಭವನದ ಫಲವಾಗಿ ಇಡಿಯ ಆಕಾಶವು ಸುಮಾರು 97 ಅಂಶಗಳ ದುಂಡು ಕಿಂಡಿಯೊಳಗೆ ಅಡಕವಾಗಿ ಕಾಣುತ್ತದೆ. ಅಮೆರಿಕದ ಭೌತಶಾಸ್ತ್ರಜ್ಞ ಆರ್. ಡಬ್ಲ್ಯು. ವುಡ್ ಇದರಿಂದಲೇ ಆ ಹೆಸರನ್ನು ಕೊಟ್ಟನು. ಬೈತಖೋಲದ ಬಂದರಿನಲ್ಲಿ ಬುಟ್ಟಿಯೊಳಗಿನ ಬಂಗಡೆಯ ಕಣ್ಣನ್ನು ನೋಡಿ ಹೆಸರಿನ ಅರ್ಥ ತಿಳಿಯಲು ಹೊರಟವನಿಗೆ ನಿರಾಶೆಯೇ ಗತಿ.

ನಿಂತ ತಾಣದ ಮಾಯೆ

ಹೊಸದಾಗಿ ಈ ಮಸೂರವನ್ನು ಕೊಂಡವನು ಮೊದಲು ಮಾಡುವ ಕೆಲಸವೆಂದರೆ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತು, ಎಡಗಡೆಯ ಗುಡ್ಡದಿಂದ ಬಲಗಡೆಯ ಸದಾಶಿವಗಡದವರೆಗೆ ‘ಎಲ್ಲವೂ ಬರಲಿ’ ಎಂದು ಗುಂಡಿಯೊತ್ತುವುದು. ಎಲ್ಲವೂ ಬರುತ್ತದೆ; ಆದರೆ ಯಾವುದೂ ಉಳಿಯುವುದಿಲ್ಲ. ಐದು ಕಿಲೋಮೀಟರ್ ದೂರದಲ್ಲಿರುವ 300 ಮೀಟರ್ ಎತ್ತರದ ಬೆಟ್ಟವೊಂದು 14 ಮಿ.ಮೀ. ಮಸೂರದ ಹಿಂದೆ ಒಂದು ಮಿಲಿಮೀಟರಿಗೂ ಕಡಿಮೆ ಎತ್ತರದ ಬಿಂಬವಾಗುತ್ತದೆ. ಚಿತ್ರವನ್ನು 36 ಸೆಂ.ಮೀ. ಅಗಲಕ್ಕೆ ಹಿಗ್ಗಿಸಿ ಮುದ್ರಿಸಿದರೂ ಅದು ಕಿರುಬೆರಳಿನ ಉಗುರನ್ನು ಮೀರದು. ಸೂರ್ಯಬಿಂಬದ ಪಾಡು ಇನ್ನೂ ಶೋಚನೀಯ: ಅರ್ಧ ಅಂಶದಷ್ಟು ಅಗಲವಾದ ಅದು ಫಲಕದ ಮೇಲೆ 0.13 ಮಿ.ಮೀ. ಆಗಿ, ಅದೇ ಮುದ್ರಿತ ಚಿತ್ರದಲ್ಲಿ ಒಂದು ಸಾಸಿವೆ ಕಾಳಿನಷ್ಟು ಕಾಣುತ್ತದೆ. ಕೆಂಪಗೆ ಉರುಳುವ ಆ ಮಹಾಗೋಳವನ್ನು ನೋಡಿ ಕ್ಯಾಮೆರಾ ಎತ್ತಿದವನಿಗೆ ಸಾಸಿವೆ ಸಿಕ್ಕಿದರೆ ಮಸೂರದ ಮೇಲೆ ಮುನಿಸು ಬರುವುದು ಸಹಜವೇ.

ಈ ಮಸೂರದ ಧರ್ಮವೇ ಬೇರೆ. ದೂರದವನ್ನು ಕೂಡಿಹಾಕುವುದಕ್ಕಿಂತ ಹತ್ತಿರದ್ದನ್ನು ಅದರ ಪರಿಸರದೊಡನೆ ತೋರಿಸುವುದಕ್ಕೆ ಇದು ತಕ್ಕುದು. ಅಂಕೋಲಾ ತಾಲ್ಲೂಕಿನ ಹಾರವಾಡದ ಮರಳಿನ ಮೇಲೆ ಒಂಬತ್ತು ಮೀಟರ್ ಉದ್ದದ ದೋಣಿಯೊಂದು ಕಡಲಿಗೆ ಬೆನ್ನುಮಾಡಿ ನಿಂತಿದೆಯೆಂದು ಭಾವಿಸೋಣ. ಮೂತಿಯೆದುರು ಹತ್ತು ಮೀಟರ್ ದೂರ ನಿಂತವನಿಗೆ ಮೂತಿಯು 10 ಮೀಟರ್, ಹಿಂಭಾಗವು 19 ಮೀಟರ್ ದೂರದಲ್ಲಿರುವುದರಿಂದ ಮೂತಿಯ ಕಡೆಯ ಅಳತೆ ಹಿಂಭಾಗದ್ದಕ್ಕಿಂತ ಎರಡು ಪಾಲಿಗೂ ಕಡಿಮೆಯಷ್ಟೇ ದೊಡ್ಡದಾಗಿ ಕಾಣುತ್ತದೆ. ಮೊಣಕಾಲೂರಿ ಮೂತಿಯಿಂದ ಅರ್ಧ ಮೀಟರಿಗೆ ಸರಿದರೆ ಈ ಅನುಪಾತವು ಹತ್ತೊಂಬತ್ತಕ್ಕೇರುತ್ತದೆ. ದೋಣಿಯು ಚಿತ್ರದಿಂದ ಹೊರಕ್ಕೆ ನುಗ್ಗುವಂತೆ ತೋರಿ, ಅದರ ಹಲಗೆಗಳ ಜೋಡಣೆ, ಉಪ್ಪುನೀರಿಗೆ ಸವೆದ ಬಣ್ಣ, ಮೂತಿಗೆ ಸುತ್ತಿದ ಒಣಗಿದ ಹೂವಿನ ಮಾಲೆಯ ದಾರ, ಎಲ್ಲವೂ ಎಣಿಸುವಂತೆ ಮೂಡುತ್ತವೆ. ಹಿಂದೆ ಕಡಲೂ ಗುಡ್ಡವೂ ತಮ್ಮ ಪಾಡಿಗೆ ತಾವು ಸಣ್ಣದಾಗಿ ಇರುತ್ತವೆ. ಇದರಲ್ಲಿ ಗಾಜು ಮಾಡಿದ್ದು ಏನೂ ಇಲ್ಲ. ಅದೇ ಅರ್ಧ ಮೀಟರ್ ದೂರದಲ್ಲಿ ಒಂಟಿಗಣ್ಣಿಟ್ಟು ನೋಡಿದವನಿಗೂ ಲೋಕವು ಹೀಗೆಯೇ ಕಾಣುತ್ತದೆ. ನಾವು ಹಾಗೆ ನೋಡುವ ಅಭ್ಯಾಸವನ್ನು ಇಟ್ಟುಕೊಂಡಿಲ್ಲ, ಅಷ್ಟೆ. ಎರಡು ಹೆಜ್ಜೆ ಮುಂದಿಡುವುದರಿಂದ ಆಗುವ ಬದಲಾವಣೆ ಯಾವ ದುಬಾರಿ ಮಸೂರದಿಂದಲೂ ಆಗದೆಂಬುದನ್ನು ಇಲ್ಲಿ ಮನಗಾಣಬಹುದು.

ಸಾಲಿನ ತುದಿಯಲ್ಲಿ ನಿಂತವರು

ಎರಡನೆಯ ವಿರೂಪವು ಕೌಟುಂಬಿಕ ಮನಸ್ತಾಪಕ್ಕೆ ಕಾರಣವಾಗುವಂಥದು. ಮದುವೆಮನೆಯಲ್ಲಿ ಜಾಗ ಸಾಲದೆಂದು ಛಾಯಾಗ್ರಾಹಕನು ವೈಡ್ ಹಾಕಿ, ಇಪ್ಪತ್ತು ಮಂದಿಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಗ್ರೂಪ್ ಫೋಟೋ ತೆಗೆದನೆನ್ನಿ. ನಡುವೆ ನಿಂತ ವಧೂವರರು ಇದ್ದಂತೆಯೇ ಇರುತ್ತಾರೆ. ತುದಿಯಲ್ಲಿ ನಿಂತ ದೊಡ್ಡಮ್ಮನವರ ಮುಖ ಮಾತ್ರ ಕುಂಬಳಕಾಯಿಯಂತೆ ಅಡ್ಡಕ್ಕೆ ಹಿಗ್ಗಿರುತ್ತದೆ. ವಿಚಿತ್ರವೆಂದರೆ ಅವರ ಬೆನ್ನ ಹಿಂದೆ ಗೋಡೆಗೆ ತೂಗುಹಾಕಿದ ಬಟ್ಟೆಯ ಮೇಲಿನ ಅಕ್ಷರಗಳು ಒಂದಿಷ್ಟೂ ಹಿಗ್ಗದೆ ಸರಿಯಾಗಿಯೇ ಇರುತ್ತವೆ.

ಕಾರಣ ಇಷ್ಟೇ. ನೇರಗೆರೆಯನ್ನು ನೇರವಾಗಿಯೇ ಇರಿಸುವ ಮಸೂರವು ಫಲಕಕ್ಕೆ ಸಮಾನಾಂತರವಾದ ಚಪ್ಪಟೆ ವಸ್ತುವನ್ನು ಅದರ ಆಕಾರ ಕೆಡದಂತೆ ಬರೆಯುತ್ತದೆ. ಗೋಡೆಯು ಚಪ್ಪಟೆ, ಮನುಷ್ಯನ ತಲೆಯು ಗುಂಡು. ಗುಂಡಾದ ವಸ್ತುವಿನಿಂದ ಓರೆಯಾಗಿ ಬರುವ ಕಿರಣಶಂಕುವನ್ನು ಚಪ್ಪಟೆಯ ಫಲಕವು ಕತ್ತರಿಸಿದಾಗ ದೊರೆಯುವುದು ವೃತ್ತವಲ್ಲ, ದೀರ್ಘವೃತ್ತ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವಂತೆ. ನಡುವಿನಿಂದ 45 ಅಂಶ ದೂರದಲ್ಲಿರುವ ಗೋಳವು ಹೊರಮುಖವಾಗಿ 1.4 ಪಾಲು ಉದ್ದವಾಗುತ್ತದೆ. 14 ಮಿ.ಮೀ. ಮಸೂರದ ಎಡಬಲ ಅಂಚಿನಲ್ಲಿ ಇದು 1.6 ಪಾಲು, 24 ಮಿ.ಮೀ.ಯಲ್ಲಿ 1.25 ಪಾಲು, 35 ಮಿ.ಮೀ.ಯಲ್ಲಿ ಗಮನಕ್ಕೆ ಬಾರದಷ್ಟು. ಆದುದರಿಂದ ಜಾಣ ಛಾಯಾಗ್ರಾಹಕನು ಸಾಲನ್ನು ಬಿಲ್ಲಿನಂತೆ ಬಾಗಿಸಿ ಎರಡು ಮೂರು ಪಂಕ್ತಿಗಳಾಗಿ ಒಳಕ್ಕೆ ತಂದು, ಚೌಕಟ್ಟಿನ ಎರಡೂ ಅಂಚುಗಳಲ್ಲಿ ಬಾಳೆಕಂಬವನ್ನೋ ಬಾಗಿಲ ಚೌಕಟ್ಟನ್ನೋ ಬಿಟ್ಟು, ಜನರನ್ನು ನಡುಭಾಗದೊಳಗೆ ಇರಿಸುತ್ತಾನೆ.

ಸೂಕ್ಷ್ಮವಾಗಿ ನೋಡಿದರೆ ಈ ಹಿಗ್ಗುವಿಕೆಯೂ ಸುಳ್ಳಲ್ಲ. 14 ಮಿ.ಮೀ. ಮಸೂರದಿಂದ ತೆಗೆದ ಚಿತ್ರವನ್ನು ಹತ್ತು ಪಾಲು ಹಿಗ್ಗಿಸಿ 36 ಸೆಂ.ಮೀ. ಅಗಲದ ಪ್ರತಿಯನ್ನು ಮಾಡಿದರೆ, ಅದನ್ನು ನೋಡಬೇಕಾದ ನ್ಯಾಯವಾದ ದೂರ 14 ಸೆಂಟಿಮೀಟರ್. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದನ್ನು ಚಿತ್ರದ ನಡುವಿಗೆ ಸರಿಯಾಗಿ ಅಷ್ಟು ಹತ್ತಿರ ಒಯ್ದರೆ, ಅಂಚಿನ ದೀರ್ಘವೃತ್ತವು ಓರೆಯಿಂದ ಕುಗ್ಗಿ ಮತ್ತೆ ವೃತ್ತವೇ ಆಗುತ್ತದೆ, ದೊಡ್ಡಮ್ಮನವರು ಮೊದಲಿನಂತಾಗುತ್ತಾರೆ. ಆಲ್ಬಮ್ಮನ್ನು ಯಾರೂ ಹಾಗೆ ಮೂಗಿಗೆ ಹಿಡಿದು ನೋಡುವುದಿಲ್ಲವಾಗಿ ಈ ಸಮಾಧಾನವು ಶಾಸ್ತ್ರಕ್ಕೆ ಮಾತ್ರ ಸಲ್ಲುತ್ತದೆ. ಚಿತ್ರಕಾರರು ಇದನ್ನು ಕ್ಯಾಮೆರಾ ಹುಟ್ಟುವ ಮೊದಲೇ ಬಲ್ಲವರಾಗಿದ್ದರು: ರಾಫೇಲನು ‘ಅಥೆನ್ಸಿನ ವಿದ್ಯಾಪೀಠ’ ಎಂಬ ಭಿತ್ತಿಚಿತ್ರದ ಬಲ ಅಂಚಿನಲ್ಲಿ ಬರೆದ ಗೋಳಗಳನ್ನು, ಕಟ್ಟಡದ ರೇಖೆಗಳೆಲ್ಲ ಕಟ್ಟುನಿಟ್ಟಿನ ಪರಿಪ್ರೇಕ್ಷ್ಯದಲ್ಲಿರುವಾಗಲೂ, ಗಣಿತವನ್ನು ಬದಿಗಿಟ್ಟು ಶುದ್ಧ ವೃತ್ತಗಳಾಗಿಯೇ ಬರೆದನು. ಈಗಿನ ಗಣಕ ತಂತ್ರಾಂಶಗಳೂ ಅದೇ ರಾಜಿಯನ್ನು ಮಾಡಿಕೊಳ್ಳುತ್ತವೆ. 18ನೆಯ ಶತಮಾನದ ಇಟಲಿಯ ಚಿತ್ರಕಾರ ಪಾನೀನಿಯ ಹೆಸರನ್ನು ಹೊತ್ತ ಪ್ರಕ್ಷೇಪಣವು ಲಂಬರೇಖೆಗಳನ್ನು ನೇರವಾಗಿ ಉಳಿಸಿ, ಅಡ್ಡರೇಖೆಗಳನ್ನು ಬಾಗಲು ಬಿಟ್ಟು, ಮುಖಗಳನ್ನು ಕಾಪಾಡುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ತೆರಬೇಕು.

ಗಾಜಿನ ಕೊರತೆ

ಇನ್ನು ನಿಜವಾಗಿ ಮಸೂರಕ್ಕೇ ಸೇರಿದ ದೋಷಗಳು. ಇವನ್ನು ಪರೀಕ್ಷಿಸಲು ಕರಾವಳಿಯಲ್ಲಿ ಪ್ರಯೋಗಶಾಲೆ ಬೇಡ, ಕಡಲಿನ ದಿಗಂತವೇ ಸಾಕು. ತೀರದಲ್ಲಿ ನಿಂತವನ ಕಣ್ಣಿಗೆ ದಿಗಂತವು ನಾಲ್ಕೂವರೆ ಕಿಲೋಮೀಟರ್ ದೂರದ್ದು. ಅಷ್ಟು ತಗ್ಗಿನಿಂದ ಭೂಮಿಯ ದುಂಡುತನ ಚಿತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ. ದಿಗಂತವನ್ನು ಚೌಕಟ್ಟಿನ ನಟ್ಟನಡುವೆ ಇಟ್ಟರೆ ಯಾವ ಮಸೂರವೂ ಸಭ್ಯವಾಗಿಯೇ ವರ್ತಿಸುತ್ತದೆ. ಕ್ಯಾಮೆರಾವನ್ನು ಬಗ್ಗಿಸಿ ದಿಗಂತವನ್ನು ಮೇಲಂಚಿಗೆ ಒಯ್ದಾಗ ಅದು ಗುಡ್ಡದಂತೆ ಉಬ್ಬಿದರೆ, ಕೆಳಅಂಚಿಗೆ ತಂದಾಗ ಬಟ್ಟಲಿನಂತೆ ಇಳಿದರೆ, ಅದು ಪೀಪಾಯಿ ವಿರೂಪ. ನಡುವೆ ಉಬ್ಬಿ ತುದಿಗಳಲ್ಲಿ ಮತ್ತೆ ಹಿಂದಕ್ಕೆ ತಿರುಗಿ ಮೀಸೆಯ ಆಕಾರವನ್ನು ತಾಳಿದರೆ ಅದು ಸಂಕೀರ್ಣ ವಿರೂಪವಾಗಿದ್ದು, ಆ ಮಸೂರಕ್ಕೆಂದೇ ಅಳೆದು ಸಿದ್ಧಪಡಿಸಿದ ತಿದ್ದುಪಡಿಯಿಂದಲ್ಲದೆ ಸಾಮಾನ್ಯ ಉಪಾಯದಿಂದ ನೇರ್ಪಡುವುದಿಲ್ಲ. ಚಿರೆಕಲ್ಲಿನ ಗೋಡೆಯ ಸಂದುಗೆರೆಗಳನ್ನು ಎದುರಿನಿಂದ ಚಿತ್ರಿಸಿ ನೋಡಿದರೂ ಇದೇ ತೀರ್ಪು ಸಿಗುತ್ತದೆ. ಗೋಡೆ ಕಟ್ಟಿದವನ ತೂಗುಗುಂಡು ನೆಟ್ಟಗಿದ್ದರೆ.

ಆದರೆ ತೀರದ ಗೆರೆಯನ್ನು ಈ ಕೆಲಸಕ್ಕೆ ನಂಬಲಾಗದು. 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಟಾಗೋರರು ತಮ್ಮ ನೆನಪುಗಳಲ್ಲಿ ಕಾರವಾರದ ತೀರವನ್ನು ಅರ್ಧಚಂದ್ರಾಕಾರದ್ದೆಂದು ಬಣ್ಣಿಸಿದ್ದಾರೆ; ಅದು ನಿಜವಾಗಿಯೂ ಹಾಗಿದೆ. ಅತಿವಿಶಾಲಕೋನದಲ್ಲಿ ತೆಗೆದ ಈ ತೀರದ ಚಿತ್ರಗಳಲ್ಲಿ ಮರಳಿನ ಬಾಗು ಎಷ್ಟು ಊರಿನದು, ಎಷ್ಟು ಮಸೂರದ್ದು ಎಂಬುದನ್ನು ದಿಗಂತವನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಮೂಲೆಗಳಲ್ಲಿ ಇನ್ನೂ ಕೆಲವು ಉಪದ್ರವಗಳುಂಟು: ಬಿಳಿಯ ಮೋಡದೆದುರಿನ ತೆಂಗಿನ ಗರಿಗೆ ಒಂದು ಕಡೆ ನೇರಳೆ, ಇನ್ನೊಂದು ಕಡೆ ಹಸುರು ಅಂಚು ಕಟ್ಟುವ ವರ್ಣವಿಪಥನ; ನಕ್ಷತ್ರಗಳಿಗೆ ಹಕ್ಕಿಯ ರೆಕ್ಕೆ ಮೂಡಿಸುವ ಕೋಮಾ. ಮೊದಲನೆಯದನ್ನು ಗಣಕವು ಕ್ಷಣದಲ್ಲಿ ಅಳಿಸುತ್ತದೆ. ಎರಡನೆಯದಕ್ಕೆ ದ್ಯುತಿರಂಧ್ರವನ್ನು ಒಂದೆರಡು ಮೆಟ್ಟಿಲು ಕಿರಿದುಮಾಡುವುದೊಂದೇ ದಾರಿ.

ವಾಲುವ ಮರಗಳು

ದೇವಬಾಗದ ಗಾಳಿಮರಗಳ ತೋಪಿನಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಮರಗಳೆಲ್ಲ ತಲೆಗೂಡಿಸಿ ಪಿಸುಗುಟ್ಟುವಂತೆ ಒಳಕ್ಕೆ ವಾಲುತ್ತವೆ. ಕೆಳಕ್ಕೆ ಬಗ್ಗಿಸಿದರೆ ಜಗಳವಾಡಿದವರಂತೆ ಹೊರಕ್ಕೆ ಬಾಗುತ್ತವೆ. ಸಮಾನಾಂತರ ರೇಖೆಗಳು ದೂರದಲ್ಲಿ ಕೂಡುವುದು ಎಲ್ಲ ಮಸೂರಗಳಿಗೂ ಸಮಾನವಾದರೂ, ಕೋನವು ಹಿಗ್ಗಿದಂತೆಲ್ಲ ಎರಡು ಅಂಶಗಳ ಓರೆಯೂ ಎದ್ದುಕಾಣುತ್ತದೆ. ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿದು, ಬೇಡವಾದ ನೆಲವನ್ನು ಅನಂತರ ಕತ್ತರಿಸಿಬಿಡುವುದು ಬಡವನ ಉಪಾಯ. ಮಸೂರವನ್ನೇ ಮೇಲಕ್ಕೆ ಜರುಗಿಸುವ ಏರ್ಪಾಡುಳ್ಳ ಕ್ಯಾನನ್ 17 ಮಿ.ಮೀ. (2009), ನಿಕಾನ್ 19 ಮಿ.ಮೀ. (2016) ಮೊದಲಾದವು ವಾಸ್ತುಚಿತ್ರಕಾರರ ಆಸ್ತಿ. ಪೂರ್ತಿಯಾಗಿ ಮೇಲಕ್ಕೆತ್ತಿ ನೆತ್ತಿಯನ್ನೇ ನೋಡುವಂತೆ ಮಾಡಿದಾಗ ಇದೇ ದೋಷವು ಗುಣವಾಗಿ, ಮರಗಳು ಚಕ್ರದ ಅರೆಕಾಲುಗಳಂತೆ ನಡುವಿಗೆ ಧಾವಿಸುತ್ತವೆ. ಅರೆಮನಸ್ಸಿನ ಓರೆ ಮಾತ್ರ ಯಾವಾಗಲೂ ತಪ್ಪಿನಂತೆಯೇ ಕಾಣುವುದು.

ಬೆಳಕಿನ ತಂಟೆಗಳು

ಓರೆಯಾಗಿ ಬರುವ ಬೆಳಕು ಅಂಚಿನಲ್ಲಿ ಕ್ಷೀಣಿಸುವುದು ಕೋನದ ಕೋಸೈನಿನ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ. ಏನೂ ಉಪಾಯ ಮಾಡದಿದ್ದರೆ 14 ಮಿ.ಮೀ. ಮಸೂರದ ಮೂಲೆಗೆ ನಡುವಿನ ಹನ್ನೊಂದರಲ್ಲೊಂದು ಪಾಲು ಮಾತ್ರ ಬೆಳಕು ಸಿಗಬೇಕು. ರೆಟ್ರೊಫೋಕಸ್ ರಚನೆಯೂ ರುಸಿನೋವನ ಉಪಾಯವೂ ಇದನ್ನು ಬಹಳಮಟ್ಟಿಗೆ ಸುಧಾರಿಸಿವೆ. ಉಳಿದುದನ್ನು ಗಣಕವು ತಿದ್ದುತ್ತದೆಯಾದರೂ, ಕತ್ತಲೆಯ ಮೂಲೆಯನ್ನು ಬಲವಂತವಾಗಿ ಬೆಳಗಿಸಿದಾಗ ಅಲ್ಲಿ ರವೆಯಂತಹ ಕಣಗಳು ಏಳುತ್ತವೆ. ಸಂಜೆಯ ಕಡಲಿನ ಚಿತ್ರಕ್ಕೆ ಮೂಲೆಗಳ ಮಬ್ಬು ಒಪ್ಪುತ್ತದೆಂಬುದು ಈ ಲೇಖಕನ ಮತ, ಎಲ್ಲವನ್ನೂ ತಿದ್ದಲೇಬೇಕೆಂದಿಲ್ಲ.

ಪಶ್ಚಿಮಕ್ಕೆ ಮುಖಮಾಡಿದ ತೀರದಲ್ಲಿ ಸೂರ್ಯನನ್ನು ಚೌಕಟ್ಟಿನಿಂದ ಹೊರಗಿಡುವುದು ಸಾಧ್ಯವಿಲ್ಲದ ಮಾತು. ಕಾರವಾರದ ಅಕ್ಷಾಂಶವು 14 ಅಂಶ 48 ಕಲೆಯಾದುದರಿಂದ, ದಕ್ಷಿಣಾಯನ ಉತ್ತರಾಯಣಗಳ ನಡುವೆ ಸೂರ್ಯನು ಮುಳುಗುವ ಬಿಂದುವು ದಿಗಂತದ ಮೇಲೆ ಸುಮಾರು 49 ಅಂಶಗಳಷ್ಟು ಸರಿದಾಡುತ್ತದೆ. 50 ಮಿ.ಮೀ. ಮಸೂರದ ಅಡ್ಡಕೋನ 40 ಅಂಶಗಳು ಮಾತ್ರ, 14 ಮಿ.ಮೀ.ಯದು 104. ಅಂದರೆ ಪಶ್ಚಿಮಕ್ಕೆ ನೆಟ್ಟಗೆ ನಿಲ್ಲಿಸಿದ ಅತಿವಿಶಾಲಕೋನ ಮಸೂರಕ್ಕೆ ವರ್ಷದ ಯಾವ ಸಂಜೆಯ ಸೂರ್ಯನೂ ತಪ್ಪಿಸಿಕೊಳ್ಳುವುದಿಲ್ಲ. ಉಬ್ಬಿದ ಗಾಜಿಗೆ ನೇರ ಬೆಳಕು ಬಿದ್ದರೆ ಒಳಗಿನ ಹತ್ತಾರು ಮೇಲ್ಮೈಗಳಿಂದ ಪ್ರತಿಫಲಿಸಿ, ಹಸುರು ಕಿತ್ತಳೆ ಬಣ್ಣದ ಬೊಟ್ಟುಗಳ ಸಾಲು ಚಿತ್ರದ ಕರ್ಣದುದ್ದಕ್ಕೂ ಹರಡುತ್ತದೆ. ಗಾಜಿನ ಮೇಲೆ ಉಪ್ಪಿನ ತುಂತುರು ಕುಳಿತಿದ್ದರೆ ಪ್ರತಿ ಕಣವೂ ತನ್ನದೊಂದು ಪ್ರಭಾವಳಿಯನ್ನು ತೊಡುತ್ತದೆ. ಸೂರ್ಯನನ್ನು ದೋಣಿಯ ಕಂಬದ ಅಂಚಿಗೋ ಮರದ ಕಾಂಡದ ಬದಿಗೋ ಅರ್ಧ ಮರೆಮಾಡಿ, ಎಫ್/11 ಅಥವಾ ಎಫ್/16ಕ್ಕೆ ಕಿರಿದುಮಾಡಿದರೆ ಬೊಟ್ಟುಗಳು ಕಡಿಮೆಯಾಗುವುದರ ಜೊತೆಗೆ, ಸೂರ್ಯನಿಗೆ ಚೂಪಾದ ಕಿರಣಗಳೂ ಮೂಡುತ್ತವೆ. ದ್ಯುತಿರಂಧ್ರದ ಎಸಳುಗಳು ಎಂಟಿದ್ದರೆ ಎಂಟು ಕಿರಣಗಳು, ಒಂಬತ್ತಿದ್ದರೆ ಹದಿನೆಂಟು.

ಪೋಲರೈಸರ್ ಫಿಲ್ಟರನ್ನು ಈ ಮಸೂರಕ್ಕೆ ಹಾಕುವವರು ಒಮ್ಮೆ ಯೋಚಿಸಬೇಕು. ಆಕಾಶದ ಬೆಳಕು ಸೂರ್ಯನಿಂದ 90 ಅಂಶ ದೂರದಲ್ಲಿ ಅತಿ ಹೆಚ್ಚು ಧ್ರುವೀಕೃತವಾಗಿರುತ್ತದೆ. ಸಂಜೆ ಸೂರ್ಯನು ಪಡುವಣದಲ್ಲಿರುವಾಗ ಈ ಪಟ್ಟಿ ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಮಾಜಾಳಿಯ ತೀರದಲ್ಲಿ ಉತ್ತರಕ್ಕೆ ತಿರುಗಿ ಚಿತ್ರ ತೆಗೆದರೆ ಆಕಾಶದ ನಡುವೆ ಗಾಢನೀಲಿಯ ಕಂಬವೊಂದು ನಿಂತು ಎರಡೂ ಪಕ್ಕಗಳು ಬಿಳಿಚಿಕೊಂಡಿರುತ್ತವೆ. ಇದು ಯಾವ ತಿದ್ದುಪಡಿಗೂ ಸುಲಭವಾಗಿ ಬಗ್ಗದು.

ನಾಭೀಕರಣದಲ್ಲಿ ಮಾತ್ರ ಈ ಮಸೂರವು ಉದಾರಿ. 14 ಮಿ.ಮೀ.ಯನ್ನು ಎಫ್/8ಕ್ಕೆ ಇಟ್ಟು ಸುಮಾರು 83 ಸೆಂ.ಮೀ. ದೂರಕ್ಕೆ ನಾಭೀಕರಿಸಿದರೆ, ಮೊಳದಷ್ಟು ಹತ್ತಿರದ ಚಿಪ್ಪಿನಿಂದ ಹಿಡಿದು ಕಡಲಾಚೆಯ ಮೋಡದವರೆಗೆ ಎಲ್ಲವೂ ಸ್ಫುಟವಾಗುತ್ತದೆ, 50 ಮಿ.ಮೀ.ಯಲ್ಲಿ ಇದೇ ಫಲಕ್ಕೆ ಹತ್ತೂವರೆ ಮೀಟರಿಗೆ ನಾಭೀಕರಿಸಿ, ಐದು ಮೀಟರಿನೊಳಗಿನದನ್ನು ಬಿಟ್ಟುಕೊಡಬೇಕು. ಎಫ್/22ರವರೆಗೆ ಕಿರಿದುಮಾಡುವುದರಿಂದ ವಿವರ್ತನೆಯ ಮಬ್ಬಲ್ಲದೆ ಬೇರೆ ಲಾಭವಿಲ್ಲ.

ಜನರ ನಡುವೆ

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವು ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಅಂಕೋಲಾದ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಸಾಗುತ್ತದೆ. ಬೆಂಡಿನ ಹೂಗಳಿಂದ ತುಂಬಿದ ಎತ್ತರದ ತುರಾಯಿಗಳನ್ನು ತಲೆಗೆ ಕಟ್ಟಿ ಅಂಗಳದಲ್ಲಿ ಸುತ್ತುವ ಈ ಮೇಳವನ್ನು ದೂರದಿಂದ ಚಿತ್ರಿಸಿದರೆ ಬಣ್ಣದ ಗದ್ದಲ ಮಾತ್ರ ಸಿಗುತ್ತದೆ. ವೃತ್ತದ ಅಂಚಿಗೆ ಸರಿದು, ಕುಣಿಯುವವನು ಮಾರು ದೂರದಲ್ಲಿ ಹಾಯುವಾಗ, ಕ್ಯಾಮೆರಾವನ್ನು ಅವನ ಎದೆಯ ಮಟ್ಟಕ್ಕೆ ಮಟ್ಟಸವಾಗಿ ಹಿಡಿದರೆ, ಅವನ ಮುಖವೂ ತುರಾಯಿಯೂ ಅವನ ಹಿಂದೆ ತಿರುಗುವ ಇಡಿಯ ವೃತ್ತವೂ ಅಂಗಳದ ತುಳಸಿಕಟ್ಟೆಯೂ ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ. ತುರಾಯಿಯು ಮೂಲೆಗೆ ಹೋದರೆ ಅದು ಗಾಳಿಪಟದಂತೆ ಜಗ್ಗಿಕೊಳ್ಳುವುದರಿಂದ ಕುಣಿಯುವವನನ್ನು ಅಡ್ಡಗಲದ ನಡುಭಾಗದಲ್ಲಿಯೇ ಹಿಡಿಯಬೇಕು. ಅಷ್ಟು ಹತ್ತಿರ ಹೋಗಲು ಮೇಳದ ಹಿರಿಯರ ಒಪ್ಪಿಗೆ ಬೇಕೆಂಬುದು ದೃಗ್ವಿಜ್ಞಾನದ ವಿಷಯವಲ್ಲವಾದರೂ, ಈ ಮಸೂರವು ಕದ್ದು ತೆಗೆಯುವವರ ಸಾಧನವಲ್ಲವೆಂಬುದು ನಿಜ.

ರಂಪಣಿ ಬಲೆಯನ್ನು ಎಳೆಯುವ ದೃಶ್ಯವೂ ಇಂಥದೇ. ಅರ್ಧವೃತ್ತವಾಗಿ ಬಿಟ್ಟ ಬಲೆಯ ಎರಡು ಹಗ್ಗಗಳನ್ನು ಎರಡು ಸಾಲು ಜನ ದಡಕ್ಕೆ ಎಳೆಯುವಾಗ, ಒಂದು ಹಗ್ಗದ ಬದಿಯಲ್ಲಿ ಮೊದಲ ಕೈಗಳಿಗೆ ಹತ್ತಿರವಾಗಿ ನಿಂತರೆ, ಹಗ್ಗವೇ ಕಣ್ಣನ್ನು ಕಡಲಿಗೆ ಕರೆದೊಯ್ಯುತ್ತದೆ. ಯಂತ್ರದೋಣಿಗಳ ಪರ್ಸೀನ್ ಬಲೆಗಳು 1970ರ ದಶಕದ ಕೊನೆಯಿಂದ ಹರಡಿದ ಮೇಲೆ ಈ ದೃಶ್ಯ ವಿರಳವಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ, ಹಿಂದೆ ಸರಿಯಲು ಜಾಗವೇ ಇಲ್ಲದ ಕಡೆ ಈ ಮಸೂರವು ಬರಿಯ ಅನಿವಾರ್ಯತೆ: ಕಾರವಾರದ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ನಿವೃತ್ತ ಕ್ಷಿಪಣಿದೋಣಿ ಐಎನ್‌ಎಸ್ ಚಾಪಲ್ 38 ಮೀಟರಿಗಿಂತ ತುಸು ಉದ್ದವಿದ್ದರೂ, ಒಳಗಿನ ಕೋಣೆಗಳು ಕೈಚಾಚಿದರೆ ಗೋಡೆ ತಾಗುವಂಥವು. ಅಲ್ಲಿ ಬೆನ್ನನ್ನು ಮೂಲೆಗೆ ಆನಿಸಿ, ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು, ಗುಂಡಾದ ಮಾಪಕಗಳನ್ನು ನಡುವೆಯೂ ಚಪ್ಪಟೆಯ ಬಾಗಿಲುಗಳನ್ನು ಅಂಚಿನಲ್ಲಿಯೂ ಇರಿಸಿದರೆ ಚಿತ್ರವು ಹದವಾಗುತ್ತದೆ.

ಬಳಕೆದಾರನ ಎಚ್ಚರಿಕೆಗಳು

ಈ ಮಸೂರವು ತೆಗೆಯುವವನಿಗೆ ತಿಳಿಯದುದನ್ನೂ ಹಿಡಿಯುತ್ತದೆ: ಮುಕ್ಕಾಲಿಯ ಒಂದು ಕಾಲು, ಸಂಜೆ ಮೂಡಣಕ್ಕೆ ತಿರುಗಿದಾಗ ಉದ್ದಕ್ಕೆ ಚಾಚಿದ ಸ್ವಂತ ನೆರಳು, ಕೆಲವೊಮ್ಮೆ ತನ್ನದೇ ಚಪ್ಪಲಿ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾಗಳ ಕಡೆ ಇದು ನಗೆಯ ಮಾತಾಗಿ ಉಳಿಯುವುದಿಲ್ಲ. 2005ರಲ್ಲಿ ಕಾರ್ಯಾರಂಭಮಾಡಿದ, ಊರಿನವರು ಸೀಬರ್ಡ್ ಎಂದೇ ಕರೆಯುವ ಐಎನ್‌ಎಸ್ ಕದಂಬ ನೌಕಾನೆಲೆಯ ಸುತ್ತ ಛಾಯಾಗ್ರಹಣವು ನಿಷಿದ್ಧ. ಹೆದ್ದಾರಿಯ ಬದಿಯಲ್ಲಿ ಗೆಳೆಯನ ಚಿತ್ರ ತೆಗೆದೆನೆಂದುಕೊಂಡವನ ಚೌಕಟ್ಟಿನ ಅಂಚಿನಲ್ಲಿ ಬೇಲಿಯೂ ಹಡಗೂ ಬಂದು ಕುಳಿತಿರಬಹುದು.

ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಮಸೂರದ ಮೊದಲ ವೈರಿ ಬೂಷ್ಟು. ಜೇಡರ ಬಲೆಯಂತೆ ಒಳಗಾಜಿನ ಮೇಲೆ ಹಬ್ಬುವ ಅದು ಲೇಪವನ್ನು ತಿಂದುಹಾಕಿದ ಮೇಲೆ ಒರೆಸಿ ತೆಗೆದರೂ ಗುರುತು ಹೋಗುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಮಸೂರವನ್ನು ಚರ್ಮದ ಚೀಲದೊಳಗೆ ಮುಚ್ಚಿಡುವ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇರಿಸಿ, ಹರಳುಗಳ ಬಣ್ಣ ತಿರುಗಿದಾಗ ಅವನ್ನು ಹುರಿದು ಮತ್ತೆ ತುಂಬಬೇಕು. ಉಬ್ಬುಗಾಜಿಗೆ ರಕ್ಷಣೆಯ ಫಿಲ್ಟರ್ ತಿರುಗಿಸಿ ಕೂರಿಸಲು ಬಹುತೇಕ ಸ್ಥಳವಿರುವುದಿಲ್ಲವಾಗಿ, ಕಡಲಿನ ತುಂತುರು ಬಿದ್ದಾಗ ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳುಗಳೇ ಗೀರುತ್ತವೆ. ಮೊದಲು ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಒತ್ತಿ ಉಪ್ಪನ್ನು ಕರಗಿಸಿ, ಆಮೇಲೆ ಒರೆಸತಕ್ಕದ್ದು. ವಿಭೂತಿ ಜಲಪಾತದ ಬಳಿ ನೀರಿನ ಹನಿಗಳು ಅರ್ಧ ನಿಮಿಷಕ್ಕೊಮ್ಮೆ ಗಾಜನ್ನು ಮುಚ್ಚುವುದರಿಂದ ಅಲ್ಲಿ ಎರಡು ಬಟ್ಟೆಗಳಾದರೂ ಬೇಕು. ಹವಾನಿಯಂತ್ರಿತ ಕೋಣೆಯಿಂದ ಬೆಳಗಿನ ಕಡಲತೀರಕ್ಕೆ ಬಂದ ಕೂಡಲೆ ಮಸೂರವು ಮಂಜು ಹಿಡಿಯುತ್ತದೆ. ಅದನ್ನು ಒರೆಸಿದಷ್ಟೂ ಮತ್ತೆ ಹಿಡಿಯುತ್ತದೆ. ಮುಚ್ಚಳ ಹಾಕಿ ಚೀಲದಲ್ಲಿಯೇ ಇಪ್ಪತ್ತು ನಿಮಿಷ ಬಿಟ್ಟು, ಅಷ್ಟರಲ್ಲಿ ತೀರದ ಅಂಗಡಿಯಲ್ಲಿ ಒಂದು ಚಹಾ ಕುಡಿದು ಬಂದರೆ, ಗಾಜು ಹೊರಗಿನ ಕಾವಿಗೆ ಒಗ್ಗಿ ತಾನೇ ತಿಳಿಯಾಗಿರುತ್ತದೆ.